ಹೋಮ್ ಲೋನ್ ಫೈಲ್: ಕನೆಕ್ಟರ್‌ನಿಂದ ಡಿಎಸ್‌ಎ ತನಕ

ಹೋಮ್ ಲೋನ್ ಏಜೆಂಟ್ ಕಸುಬಿಗೆ ನಾನು ಹತ್ತಿದ್ದು ಮೂರು ಮೆಟ್ಟಿಲು: ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ಸೇಲ್ಸ್ ಕೆಲಸ, ಆಮೇಲೆ ಕನೆಕ್ಟರ್, ಕೊನೆಗೆ ಸ್ವಂತ ಡಿಎಸ್‌ಎ (ಡೈರೆಕ್ಟ್ ಸೆಲ್ಲಿಂಗ್ ಏಜೆಂಟ್, ಬ್ಯಾಂಕಿಗೆ ಸಾಲದ ಗಿರಾಕಿ ತರುವ ಏಜೆಂಟ್) ಕೋಡ್. ಬೆಂಗಳೂರಿನಲ್ಲಿ ಬಹಳ ಜನರ ದಾರಿ ಇದೇ. ಕನೆಕ್ಟರ್ ಎಂದರೆ ಗಿರಾಕಿಯ ಹೆಸರು, ನಂಬರ್ ದಾಟಿಸುವವನು, ಅಷ್ಟೇ. ಡಿಎಸ್‌ಎ ಆದವನು ಕಾಗದ ಕೂಡಿಸಿ, ಲಾಗಿನ್ ಮಾಡಿಸಿ (ಅಂದರೆ ಅರ್ಜಿಯನ್ನು ಬ್ಯಾಂಕಿಗೆ ಸಲ್ಲಿಸಿ), ಡಿಸ್ಬರ್ಸ್‌ಮೆಂಟ್ ಆಗುವ ತನಕ ಫೈಲಿನ ಹಿಂದೆ ಓಡಬೇಕು.

ಪೇಔಟ್, ಅಂದರೆ ನಮ್ಮ ಕಮಿಷನ್, ಬರುವುದು ಸಾಲ ಬಿಡುಗಡೆಯಾದ ಮೇಲೆ. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಸಾಲವೇ ಕಂತಿನಲ್ಲಿ ಹೋಗುತ್ತದೆ, ಪೇಔಟೂ ಹಾಗೇ ಚೂರುಚೂರು. ಆರು ತಿಂಗಳ ಮನೆಖರ್ಚು ಕೈಯಲ್ಲಿಲ್ಲದೆ ಸಂಬಳದ ಕೆಲಸ ಬಿಡಬೇಡಿ. ಗಿರಾಕಿ ಬೇಗ ಬೇರೆ ಬ್ಯಾಂಕಿಗೆ ಬಿಟಿ (ಬ್ಯಾಲೆನ್ಸ್ ಟ್ರಾನ್ಸ್‌ಫರ್, ಸಾಲದ ವರ್ಗಾವಣೆ) ಮಾಡಿಸಿಕೊಂಡರೆ ಕೊಟ್ಟ ಕಮಿಷನ್ ವಾಪಸ್ ಹಿಡಿಯುವ ಷರತ್ತೂ ಒಪ್ಪಂದದಲ್ಲಿ ಇರಬಹುದು. ಓದಿಯೇ ಸಹಿ ಹಾಕಿ.

ಗಿರಾಕಿ ಎದುರು ಕೂತ ಮೊದಲ ಹತ್ತು ನಿಮಿಷದಲ್ಲಿ ನಾನು ಮಾಡುವುದು ಒಂದೇ ಲೆಕ್ಕ. 8.5% ಬಡ್ಡಿ, 20 ವರ್ಷಕ್ಕೆ ಲಕ್ಷಕ್ಕೆ 868 ರೂಪಾಯಿ ಇಎಂಐ. ಕೈಗೆ ಬರುವ ಸಂಬಳ 72,000 ಎನ್ನಿ. ಅರ್ಧ, ಅಂದರೆ 36,000 ರೂಪಾಯಿ ಎಲ್ಲ ಕಂತುಗಳಿಗೂ ಸೇರಿ. ಬೈಕಿನ ಕಂತು 4,500, ಪರ್ಸನಲ್ ಲೋನ್ ಕಂತು 7,000 ಕಳೆದರೆ ಉಳಿಯುವುದು 24,500. ಸಿಗುವ ಸಾಲ 28 ಲಕ್ಷ. ಆ ಪರ್ಸನಲ್ ಲೋನ್ ಬಾಕಿ ಒಂದು ಲಕ್ಷ ಮಾತ್ರ ಇದ್ದರೆ ಮೊದಲು ಅದನ್ನು ತೀರಿಸಿ ಎನ್‌ಒಸಿ (ಬಾಕಿ ಇಲ್ಲವೆಂಬ ಪತ್ರ) ತನ್ನಿ ಎನ್ನುತ್ತೇನೆ. ಆಗ ಅರ್ಹತೆ 36 ಲಕ್ಷಕ್ಕೆ ಏರುತ್ತದೆ. ಇಷ್ಟು ನೋಡದೆ ನಾಲ್ಕು ಬ್ಯಾಂಕಿಗೆ ಒಟ್ಟಿಗೇ ಲಾಗಿನ್ ಮಾಡಿಸುವ ಏಜೆಂಟರಿದ್ದಾರೆ. ನಾಲ್ಕೂ ಎನ್‌ಕ್ವೈರಿ ಸಿಬಿಲ್ (ಸಾಲದ ಇತಿಹಾಸ ತೋರಿಸುವ) ವರದಿಯಲ್ಲಿ ಬಂದು ಕೂರುತ್ತವೆ. ಆಮೇಲೆ ಐದನೇ ಬ್ಯಾಂಕಿನವನು ಕೇಳುವ ಮೊದಲ ಪ್ರಶ್ನೆ, ಆ ನಾಲ್ವರು ಯಾಕೆ ಕೊಡಲಿಲ್ಲ ಅಂತ.

ಇನ್ನೊಂದು ಎಡವಟ್ಟು ಕರಾರುಪತ್ರದ್ದು. ಮಾತಾದ ಬೆಲೆ 60 ಲಕ್ಷ, ಪತ್ರದಲ್ಲಿ ಬರೆಸಿದ್ದು 45. ಆರ್‌ಬಿಐ ನಿಯಮದಂತೆ ಬ್ಯಾಂಕು 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90%, 75 ಲಕ್ಷದವರೆಗೆ 80%, ಅದರ ಮೇಲೆ 75% ಮೀರುವಂತಿಲ್ಲ. ಬ್ಯಾಂಕು ನೋಡುವುದು ಪತ್ರದ ಬೆಲೆ. 48 ಲಕ್ಷ ಸಿಗುತ್ತದೆಂದು ನಂಬಿಕೊಂಡವರಿಗೆ 36ಕ್ಕೆ ಸ್ಯಾಂಕ್ಷನ್ ಆಗುತ್ತದೆ. ನೋಂದಣಿ ಖರ್ಚು ಬೇರೆ, ಅದು ಕೈಯಿಂದಲೇ.

ಆದರೆ ಫೈಲ್ ಹೆಚ್ಚಾಗಿ ಸಾಯುವುದು ಸಂಬಳದಲ್ಲಲ್ಲ, ಲೀಗಲ್‌ನಲ್ಲಿ, ಅಂದರೆ ಬ್ಯಾಂಕಿನ ವಕೀಲರು ಪತ್ರ ಪರಿಶೀಲಿಸುವಾಗ. ಅದಕ್ಕೇ ಸ್ಯಾಲರಿ ಸ್ಲಿಪ್‌ಗಿಂತ ಮೊದಲು ನಾನು ಕೇಳುವುದು ಕ್ರಯಪತ್ರ, ಖಾತಾ, ಇಸಿ (ಆಸ್ತಿಯ ಮೇಲಿನ ವ್ಯವಹಾರ, ಸಾಲಗಳ ನೋಂದಣಿ ಪಟ್ಟಿ). ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಪೆನ್ಸಿಲ್ ಹಿಡಿದು ಚಕ್ಕುಬಂದಿ ತಾಳೆ ನೋಡುತ್ತೇನೆ. ಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಖಾತೆಯಲ್ಲಿ ಪೂರ್ವಕ್ಕೆ ಸೈಟ್ ನಂಬರ್ 14 ಎಂದಿದ್ದರೆ ವಕೀಲರು ಕ್ವೆರಿ ಹಾಕಿಯೇ ಹಾಕುತ್ತಾರೆ. ತಪ್ಪು ಪತ್ರದ್ದಾದರೆ ತಿದ್ದುಪಡಿ ಪತ್ರ ನೋಂದಾಯಿಸಲು ಹಳೇ ಮಾಲೀಕರನ್ನು ಹುಡುಕಿ ಕರೆತರಬೇಕು, ವಾರಗಟ್ಟಲೆ ಕೆಲಸ. ಇಸಿಯಲ್ಲಿ ಹಳೇ ಬ್ಯಾಂಕಿನ ಸಾಲದ ನಮೂದು ಉಳಿದಿರುವುದೂ ಮಾಮೂಲು: ಸಾಲ ತೀರಿರುತ್ತದೆ, ಬಿಡುಗಡೆ ಪತ್ರವನ್ನು ಯಾರೂ ನೋಂದಣಿ ಮಾಡಿಸಿರುವುದಿಲ್ಲ.

ತಂದೆಯಿಂದ ಬಂದ ಸೈಟಾದರೆ ವಂಶವೃಕ್ಷ ಕೇಳಿ, ಅಕ್ಕತಂಗಿಯರ ಹೆಸರು ಎಣಿಸಿ. ಅವರ ಹಕ್ಕು ಖುಲಾಸೆ ಪತ್ರ ಇಲ್ಲದಿದ್ದರೆ ಆ ದಿನ ಲಾಗಿನ್ ಮಾಡಿಸಬೇಡಿ. ‘ಅವ್ರೇನ್ ಕೇಳಲ್ಲ ಬಿಡಿ ಸಾರ್’ ಎಂಬ ಮಾತು ವಕೀಲರ ವರದಿಯಲ್ಲಿ ನಡೆಯುವುದಿಲ್ಲ. ಬಿ-ಖಾತೆ (ಪೂರ್ತಿ ಸಕ್ರಮವಲ್ಲದ ಆಸ್ತಿಯ ಖಾತೆ) ಫೈಲುಗಳನ್ನು ಸರ್ಕಾರಿ ಬ್ಯಾಂಕಿಗೆ ಒಯ್ಯುವುದು ಕಾಲಹರಣ; ತೆಗೆದುಕೊಳ್ಳುವ ಫೈನಾನ್ಸ್ ಕಂಪನಿಗಳಿವೆ, ಬಡ್ಡಿ ಜಾಸ್ತಿ. ಅದನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಮೂಲ ಪತ್ರಗಳನ್ನು ಒಪ್ಪಿಸುವ ದಿನ ಬ್ಯಾಂಕಿನ ಸೀಲು ಬಿದ್ದ ಪಟ್ಟಿ ಗಿರಾಕಿಯ ಕೈಗೆ ಬರಲೇಬೇಕು. ಪತ್ರದ ಹೆಸರು, ತಾರೀಖು, ಪುಟಗಳ ಸಂಖ್ಯೆ, ಮೂಲವೋ ನಕಲೋ ಎಲ್ಲ ಅದರಲ್ಲಿರಬೇಕು. 2023ರ ಡಿಸೆಂಬರ್ 1ರಿಂದ ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಪತ್ರಗಳನ್ನು ಹಿಂತಿರುಗಿಸಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಯಾವ ಪತ್ರ ಕೊಟ್ಟಿದ್ದೆವು ಎಂದು ಆಗ ತೋರಿಸುವುದು ಈ ಪಟ್ಟಿಯೇ.