ಸ್ಟ್ರಟ್ ಬಾರ್ ಹಾಕುವ ಮುನ್ನ ಬಾನೆಟ್ ಕೆಳಗಿನ ಜಾಗ ಅಳೆಯಿರಿ

ಸ್ಟ್ರಟ್ ಬಾರ್ ಅಂದರೆ ಎಡ ಬಲದ ಸಸ್ಪೆನ್ಷನ್ ತಲೆಗಳನ್ನು ಎಂಜಿನ್ ಮೇಲಿಂದ ಅಡ್ಡಕ್ಕೆ ಕಟ್ಟುವ ಲೋಹದ ಸರಳು. ಅದನ್ನು ಹಾಕುವುದು ಅರ್ಧ ಗಂಟೆಯ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಎರಡೂ ಕಡೆ ಮೂರು ಮೂರು ನಟ್ ಬಿಚ್ಚಬೇಕು, ಬಾರ್ ಕೂರಿಸಬೇಕು, ಮತ್ತೆ ಬಿಗಿ ಮಾಡಬೇಕು. ಅಷ್ಟೇ. ಆದರೆ ಬಾರ್ ಹಾದುಹೋಗುವ ದಾರಿಯಲ್ಲಿ ಬ್ಯಾಟರಿ ಇರುತ್ತದೆ, ಗಾಳಿ ಪೈಪ್ ಇರುತ್ತದೆ, ಬ್ರೇಕ್ ಆಯಿಲ್ ಡಬ್ಬಿ ಇರುತ್ತದೆ, ಕೆಳಗೆ ಅಲ್ಲಾಡುವ ಎಂಜಿನ್, ಮೇಲೆ ಬಾನೆಟ್. ಕೆಲಸ ಇರುವುದು ಇವುಗಳ ನಡುವೆ. ನನ್ನ ಗಾಡಿಗೂ ಹಾಕಿದ್ದೇನೆ, ಗೆಳೆಯರ ಗಾಡಿಗಳಿಗೂ ಹಾಕಿಕೊಟ್ಟಿದ್ದೇನೆ. ಪ್ರತಿ ಸಲವೂ ಸ್ಪ್ಯಾನರ್ ಹಿಡಿದ ಹೊತ್ತಿಗಿಂತ ಟಾರ್ಚ್ ಹಿಡಿದು ಬಗ್ಗಿ ನೋಡಿದ ಹೊತ್ತೇ ಜಾಸ್ತಿ.

ಬಾರ್ ಏನು ಮಾಡುತ್ತದೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿರುವಂಥದ್ದು) ಆಗಿದ್ದರೆ, ಸ್ಟ್ರಟ್‌ನ ತಲೆ ಎಂಜಿನ್ ಪಕ್ಕದ ಟವರ್‌ಗೆ, ಅಂದರೆ ಬಾಡಿಯ ತಗಡಿನ ಗೂಡಿಗೆ, ಕಚ್ಚಿಕೊಂಡಿರುತ್ತದೆ. ತಿರುವಿನಲ್ಲಿ ಚಕ್ರದ ಮೇಲೆ ಬೀಳುವ ಒತ್ತಡದಲ್ಲಿ ಒಂದು ಪಾಲು ಈ ಟವರ್ ಮೇಲೆ ಬರುತ್ತದೆ. ಎಂಜಿನ್ ಇರುವ ಜಾಗ ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯ ಹಾಗೆ. ಮೇಲ್ಭಾಗದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಗೋಡೆಗಳು ಸ್ವಲ್ಪ ಒಳಗೆ ಹೊರಗೆ ಬಾಗುತ್ತವೆ. ಬಾರ್ ಈ ಎರಡು ಗೋಡೆಗಳನ್ನು ಒಂದಕ್ಕೊಂದು ಕಟ್ಟುತ್ತದೆ. ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುವ ಡಬಲ್ ವಿಶ್‌ಬೋನ್ ಗಾಡಿಗಳಲ್ಲಿ ಪಕ್ಕದ ಒತ್ತಡವನ್ನು ಆರ್ಮ್‌ಗಳೇ ಹೊರುವುದರಿಂದ ಲಾಭ ಇನ್ನೂ ಕಡಿಮೆ.

ಹೊಸ ಕಾಲದ ಗಾಡಿಗಳ ಬಾಡಿ ಹುಟ್ಟಿನಿಂದಲೇ ಗಟ್ಟಿ. ಅವುಗಳಲ್ಲಿ ಬಾರ್ ಹಾಕಿದರೆ ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ಇನ್ನೊಂಚೂರು ಚುರುಕಾಗಿ ತಿರುಗಿದ ಹಾಗೆ ಅನ್ನಿಸಬಹುದು, ಅನ್ನಿಸದೆಯೂ ಇರಬಹುದು. ಹಳೆಯ ಗಾಡಿ, ಹಗುರ ಬಾಡಿ, ಅಗಲ ಟೈರ್, ಗಟ್ಟಿ ಸ್ಪ್ರಿಂಗ್ ಇದ್ದರೆ ವ್ಯತ್ಯಾಸ ಗೊತ್ತಾಗುತ್ತದೆ. ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್ ಸವೆದು ಟೈರ್ ಗಟ್ಟಿಯಾಗಿರುವ ಗಾಡಿಗೆ ಬಾರ್ ಹಾಕಿ ಪ್ರಯೋಜನ ಇಲ್ಲ. ಮೊದಲು ಅದನ್ನು ಸರಿಮಾಡಿ.

ಟವರ್‌ಗಳು ನಿಜಕ್ಕೂ ಅಲುಗುತ್ತವಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಒಂದರೊಳಗೊಂದು ಜಾರುವ ಎರಡು ತೆಳು ಕೊಳವೆ ತೆಗೆದುಕೊಳ್ಳಿ. ಒಂದರ ತುದಿಯನ್ನು ಎಡ ಟವರ್‌ಗೆ, ಇನ್ನೊಂದರ ತುದಿಯನ್ನು ಬಲ ಟವರ್‌ಗೆ ಕಟ್ಟಿ. ಒಳಗಿನ ಕೊಳವೆ ಹೊರಗೆ ಕಾಣುವ ಜಾಗದಲ್ಲಿ ಒಂದು ಕೇಬಲ್ ಟೈ ಬಿಗಿಯಾಗಿ ಹಾಕಿ, ಹೊರಗಿನ ಕೊಳವೆಯ ಬಾಯಿಗೆ ತಾಗುವ ತನಕ ಸರಿಸಿ. ಖಾಲಿ ಜಾಗದಲ್ಲಿ ಎರಡೂ ಕಡೆಗೆ ಗಟ್ಟಿಯಾಗಿ ತಿರುಗಿಸಿ ಬನ್ನಿ. ಟವರ್‌ಗಳು ಹತ್ತಿರ ಬಂದಿದ್ದರೆ ಟೈ ಹಿಂದಕ್ಕೆ ಸರಿದಿರುತ್ತದೆ, ಬಾಯಿಗೂ ಟೈಗೂ ನಡುವೆ ಸಂದು ಉಳಿದಿರುತ್ತದೆ. ಟೈ ಇದ್ದಲ್ಲೇ ಇದ್ದರೆ ಬಾರ್ ಆಸೆ ಬಿಡಿ. ಸುಮ್ನೆ ಅಂದಕ್ಕೆ ಬೇಕು ಅಂದರೆ ಅದು ಬೇರೆ ಮಾತು.

ಕೊಳ್ಳುವ ಮುನ್ನ

ನಿಮ್ಮ ಗಾಡಿಯ ಹೆಸರು ಹೇಳಿ ಮಾರುವ ಬಾರ್ ಕೂಡ ನಿಮ್ಮ ಎಂಜಿನ್‌ಗೆ ಹೊಂದದೇ ಇರಬಹುದು. ಒಂದೇ ಮಾಡೆಲ್‌ನಲ್ಲಿ ಪೆಟ್ರೋಲ್, ಡೀಸೆಲ್, ಟರ್ಬೊ ಅಂತ ಬೇರೆ ಬೇರೆ ಎಂಜಿನ್ ಇದ್ದಾಗ ಟವರ್ ಒಂದೇ, ನಡುವಿನ ಸಾಮಾನು ಬೇರೆ. ಸ್ಟೇರಿಂಗ್ ಬಲಕ್ಕಿರುವ ಗಾಡಿಯಲ್ಲಿ ಬ್ರೇಕ್ ಆಯಿಲ್ ಡಬ್ಬಿ ಒಂದು ಕಡೆ, ಎಡಕ್ಕಿರುವುದರಲ್ಲಿ ಇನ್ನೊಂದು ಕಡೆ. ಹಾಗಾಗಿ ಬಾರ್‌ನಷ್ಟೇ ದಪ್ಪದ ರಟ್ಟಿನ ಕೊಳವೆಯನ್ನೋ ಮರದ ಕೋಲನ್ನೋ ಟವರ್‌ನಿಂದ ಟವರ್‌ಗೆ ಅಡ್ಡ ಇಟ್ಟು ನೋಡಿ. ಯಾವುದಕ್ಕೆ ತಾಗುತ್ತದೆ, ಎಲ್ಲಿ ಬಾಗಬೇಕು, ಎಷ್ಟು ಎತ್ತರ ಬೇಕು ಎಲ್ಲ ಕಣ್ಣಿಗೆ ಕಾಣುತ್ತದೆ.

ಬಾರ್ ನೇರವಾಗಿದ್ದಷ್ಟೂ ಒಳ್ಳೆಯದು. ಎಂಜಿನ್ ತಪ್ಪಿಸಲು ಬಿಲ್ಲಿನ ಹಾಗೆ ಬಗ್ಗಿಸಿದ ಬಾರ್ ಒತ್ತಡ ಬಿದ್ದಾಗ ಆ ಬಾಗಿನಲ್ಲೇ ಮತ್ತಷ್ಟು ಬಾಗುತ್ತದೆ. ಎರಡು ತುದಿಯಲ್ಲೂ ಒಂದೊಂದೇ ಬೋಲ್ಟ್ ಮೇಲೆ ಬಾಗಿಲ ಕೀಲಿನಂತೆ ತಿರುಗುವ ಬಾರ್‌ಗಳಿವೆ. ಕೂರಿಸುವುದು ಸುಲಭ, ಎಳೆತ ತಳ್ಳುವಿಕೆಯನ್ನೂ ತಡೆಯುತ್ತವೆ, ಆದರೆ ಟವರ್ ಓರೆಯಾಗುವುದನ್ನು ತಡೆಯುವುದಿಲ್ಲ. ತುದಿಯ ಪ್ಲೇಟ್‌ಗೆ ವೆಲ್ಡ್ ಮಾಡಿದ ಒಂದೇ ತುಂಡಿನ ಬಾರ್ ಸಿಕ್ಕಿ, ಅದಕ್ಕೆ ಜಾಗವೂ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಅಲ್ಯೂಮಿನಿಯಂ ಹಗುರ, ಆದರೆ ಅದೇ ಗಾತ್ರದ ಸ್ಟೀಲ್‌ನ ಮೂರನೇ ಒಂದರಷ್ಟೇ ಬಿಗುವು. ಅದಕ್ಕೇ ಒಳ್ಳೆಯ ಅಲ್ಯೂಮಿನಿಯಂ ಬಾರ್‌ಗಳು ದಪ್ಪ ಇರುತ್ತವೆ, ದಪ್ಪ ಅಂದರೆ ಮತ್ತೆ ಜಾಗದ ಪ್ರಶ್ನೆ. ಫೈರ್‌ವಾಲ್‌ಗೂ (ಎಂಜಿನ್‌ಗೂ ಸೀಟಿನ ಕಡೆಗೂ ನಡುವಿನ ತಗಡಿನ ಗೋಡೆ) ಒಂದು ಕಾಲು ಕೊಟ್ಟ ಮೂರು ಮೂಲೆಯ ಬಾರ್ ಎಲ್ಲಕ್ಕಿಂತ ಗಟ್ಟಿ, ಆದರೆ ಅದು ವೈಪರ್ ಮೋಟಾರ್ ಜಾಗಕ್ಕೆ ಕೈಹಾಕುತ್ತದೆ.

ಸ್ಟಡ್, ಅಂದರೆ ಟವರ್‌ನಿಂದ ಮೇಲೆ ಚಾಚಿ ನಟ್ ಕೂರುವ ಬೋಲ್ಟ್, ಅದರ ಉದ್ದವನ್ನೂ ಈಗಲೇ ಅಳೆಯಿರಿ. ಬಾರ್‌ನ ಪ್ಲೇಟ್ 4–5 ಎಂ.ಎಂ. ದಪ್ಪ ಇದ್ದರೆ ನಟ್ ಅಷ್ಟು ಮೇಲಕ್ಕೆ ಹೋಗುತ್ತದೆ. ಬಿಗಿ ಮಾಡಿದ ಮೇಲೂ ನಟ್‌ನ ತಲೆಯಿಂದ ಸ್ಟಡ್‌ನ ಒಂದೆರಡು ಸುತ್ತು ಥ್ರೆಡ್ ಹೊರಗೆ ಕಾಣಬೇಕು. ಕಾಣದಿದ್ದರೆ ತೆಳು ನಟ್ ಹುಡುಕಿಕೊಂಡು ಹೋಗಬೇಡಿ, ಬೇರೆ ಬಾರ್ ನೋಡಿ. ನಿಮ್ಮ ಸ್ಟ್ರಟ್ ತಲೆಯಲ್ಲಿ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬಿಗಿ ಹೊಂದಿಸಲು ತಿರುಗಿಸುವ ಗುಬುಟು ಇದ್ದರೆ, ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಕೋನ) ಹೊಂದಿಸುವ ಪ್ಲೇಟ್ ಇದ್ದರೆ, ಬಾರ್‌ನ ಪ್ಲೇಟ್ ಅದನ್ನು ಮುಚ್ಚಿಹಾಕಬಾರದು.

ಬಾನೆಟ್ ಮತ್ತು ಕ್ಲೇ

ಬಾರ್‌ಗೂ ಬಾನೆಟ್‌ಗೂ ನಡುವಿನ ಜಾಗ ಅಳೆಯಲು ಮಕ್ಕಳು ಆಡುವ ಕ್ಲೇ ಒಂದು ಮುದ್ದೆ ಸಾಕು. ಬಾರ್ ಅನ್ನು ಬಿಗಿ ಮಾಡದೆ ಸುಮ್ಮನೆ ಜಾಗದಲ್ಲಿ ಕೂರಿಸಿ. ಎಂಜಿನ್ ತಣ್ಣಗಿರಲಿ. ಬಾರ್‌ನ ಎತ್ತರದ ಜಾಗಗಳ ಮೇಲೆ, ಪ್ಲೇಟ್‌ನ ಮೂಲೆಗಳ ಮೇಲೆ, ನಟ್ ಬರುವಲ್ಲಿ ಹೆಬ್ಬೆರಳಿನಷ್ಟು ದಪ್ಪದ ಉಂಡೆ ಇಡಿ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಇಲ್ಲದಿದ್ದರೆ ಕ್ಲೇ ಬಾನೆಟ್‌ಗೆ ಅಂಟುತ್ತದೆ. ಬಾನೆಟ್ ಅನ್ನು ಕೈಯಲ್ಲೇ ಮೆಲ್ಲಗೆ ಇಳಿಸಿ. ಗಟ್ಟಿ ಏನಾದರೂ ತಡೆದರೆ ಅಲ್ಲೇ ನಿಲ್ಲಿಸಿ, ಒತ್ತಬೇಡಿ. ತಗಡು ಡೊಂಕಾದರೆ ಹೊರಗೆ ಕಾಣುತ್ತದೆ. ತಡೆ ಇಲ್ಲದಿದ್ದರೆ ಯಾವಾಗಲೂ ಮುಚ್ಚುವ ಹಾಗೆ ಬಿಟ್ಟು ಮುಚ್ಚಿ. ಬೀಗ ಬೀಳುವಾಗ ಬಾನೆಟ್ ಸ್ವಲ್ಪ ಜಾಸ್ತಿಯೇ ಕೆಳಗೆ ಹೋಗಿ, ರಬ್ಬರ್ ತಳ್ಳಿದ ಮೇಲೆ ತನ್ನ ಜಾಗಕ್ಕೆ ಬರುತ್ತದೆ. ಆ ಕೆಳಗಿನ ಅಳತೆಯೇ ನಮಗೆ ಬೇಕಾದದ್ದು.

ಈಗ ತೆರೆದು ನೋಡಿ. ಬಾನೆಟ್ ಒಳಮೈಯ ಉಬ್ಬು ತಗ್ಗು ಕ್ಲೇ ಮೇಲೆ ಅಚ್ಚಾಗಿರುತ್ತದೆ. ಎಲ್ಲಿ ಅತಿ ತೆಳುವಾಗಿದೆಯೋ ಅಲ್ಲಿ ಕಡ್ಡಿ ಚುಚ್ಚಿ ಆಳ ಅಳೆಯಿರಿ. ನನ್ನ ಲೆಕ್ಕದಲ್ಲಿ 10 ಎಂ.ಎಂ.ಗಿಂತ ಕಡಿಮೆ ಇದ್ದರೆ ಬೇಡ. ಕೆಲವರು ಬಾನೆಟ್‌ನ ರಬ್ಬರ್ ಗುಂಡಿಗಳನ್ನು ಎತ್ತರಿಸಿ ಜಾಗ ಮಾಡಿಕೊಳ್ಳುತ್ತಾರೆ, ಬೀಗದ ಕೆಳಗೆ ವಾಷರ್ ಕೊಡುತ್ತಾರೆ. ಬೀಗ ಪೂರ್ತಿ ಕಚ್ಚದ ಬಾನೆಟ್ ಹೆದ್ದಾರಿಯಲ್ಲಿ ಎದ್ದು ಗಾಜಿಗೆ ಬಡಿಯುತ್ತದೆ, ಆ ದಾರಿ ಹಿಡಿಯಬೇಡಿ. ಇನ್ನೊಂದು ವಿಷಯ: ಬಾನೆಟ್‌ಗೂ ಕೆಳಗಿನ ಗಟ್ಟಿ ಭಾಗಗಳಿಗೂ ನಡುವೆ ಕಂಪನಿ ಬಿಟ್ಟ ಜಾಗ ಸುಮ್ಮನೆ ಬಿಟ್ಟದ್ದಲ್ಲ. ದಾರಿಯಲ್ಲಿ ನಡೆಯುವವರ ತಲೆ ಬಡಿದರೆ ತಗಡು ಕುಸಿಯಲಿ ಅಂತ ಇಟ್ಟದ್ದು. ಬಾರ್ ತಗ್ಗಿನಲ್ಲಿದ್ದಷ್ಟೂ ಅವರಿಗೂ ಒಳ್ಳೆಯದು. ಬದಲಾವಣೆ ಮಾಡಿದ್ದನ್ನು ವಿಮೆಯವರಿಗೂ ತಿಳಿಸಿಬಿಡಿ.

ಎಂಜಿನ್ ಸುಮ್ಮನೆ ಕೂರುವುದಿಲ್ಲ

ನಿಂತ ಗಾಡಿಯಲ್ಲಿ ಎರಡು ಬೆರಳು ಜಾಗ ಕಂಡರೆ ಸಾಕು ಅಂದುಕೊಳ್ಳುವವರೇ ಜಾಸ್ತಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಮುಂದಿನ ಚಕ್ರ ಓಡಿಸುವ, ಅಡ್ಡ ಕೂರಿಸಿದ ಎಂಜಿನ್ ಆದರೆ ಮೊದಲ ಗೇರ್‌ನಲ್ಲಿ ಎಳೆಯುವಾಗ ಅದರ ತಲೆ ಫೈರ್‌ವಾಲ್ ಕಡೆ ವಾಲುತ್ತದೆ, ರಿವರ್ಸ್‌ನಲ್ಲಿ ರೇಡಿಯೇಟರ್ ಕಡೆ. ಉದ್ದಕ್ಕೆ ಕೂರಿಸಿದ ಎಂಜಿನ್ ಎಡ ಬಲಕ್ಕೆ ಹೊರಳುತ್ತದೆ. ಮೌಂಟಿಂಗ್ ಹಳತಾಗಿದ್ದರೆ ಈ ಓಲಾಟ ಇನ್ನೂ ಹೆಚ್ಚು. ಆದ್ದರಿಂದ ಮೊದಲು ಮೌಂಟಿಂಗ್ ನೋಡಿ: ರಬ್ಬರ್ ಬಿರಿದಿದೆಯಾ, ಎಣ್ಣೆ ಸೋರಿದೆಯಾ.

ಅಳೆಯುವ ಕ್ರಮ ಹೀಗೆ. ಬಾರ್ ಕೂರಿಸಿ ನಟ್ ಬಿಗಿ ಮಾಡಿದ ಮೇಲೆ, ಎಂಜಿನ್‌ಗೆ ಹತ್ತಿರ ಇರುವಲ್ಲಿ ಬಾರ್‌ಗೆ ಕೇಬಲ್ ಟೈ ಕಟ್ಟಿ, ಅದರ ಬಾಲ ಎಂಜಿನ್ ಕಡೆಗೆ 10 ಎಂ.ಎಂ. ಮಾತ್ರ ಚಾಚುವಂತೆ ಕತ್ತರಿಸಿ. ಎದುರಿಗಿರುವ ಎಂಜಿನ್ ಕವರ್‌ಗೆ ಬಣ್ಣದ ಚಾಕ್ ದಪ್ಪಗೆ ಬಳಿಯಿರಿ. ಗಾಡಿ ಹೊರಗೆ ಒಯ್ದು ಎರಡನೇ ಗೇರ್‌ನಲ್ಲಿ ಗಟ್ಟಿಯಾಗಿ ಎಳೆಸಿ, ಪೂರ್ತಿ ಕಾಲು ಬಿಡಿ, ರಿವರ್ಸ್‌ನಲ್ಲೂ ಒಮ್ಮೆ ಹೊರಡಿ, ಉಬ್ಬು ಹತ್ತಿಸಿ ಇಳಿಸಿ. ಬಂದು ಟೈ ತುದಿ ನೋಡಿ. ಚಾಕ್ ಬಣ್ಣ ಹತ್ತಿದ್ದರೆ ಎಂಜಿನ್ 10 ಎಂ.ಎಂ. ಹತ್ತಿರ ಬಂದಿದೆ ಅಂತ ಅರ್ಥ. ಹತ್ತದಿದ್ದರೆ ನೆಮ್ಮದಿ. ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ, ಗೆಳೆಯನನ್ನು ಮುಂದೆ ನಿಲ್ಲಿಸಿ ನೋಡಿಸುವ ಅಭ್ಯಾಸ ಕೆಲವರಿಗಿದೆ. ಕಾಲು ಜಾರಿದರೆ ಗೆಳೆಯನ ಗತಿ ಏನು? ಟೈ ಸಾಕು.

ಪೈಪ್‌ಗಳ ವಿಷಯದಲ್ಲಿ ನನ್ನ ನಿಯಮ ಇಷ್ಟೇ: ರಬ್ಬರ್ ಸರಿಸಬಹುದು, ಲೋಹ ಸರಿಸಬಾರದು. ಏರ್ ಫಿಲ್ಟರ್‌ನ ರಬ್ಬರ್ ಪೈಪ್ ಒಂದು ಸುತ್ತು ತಿರುಗಿಸಿ ಕ್ಲಿಪ್ ಹಾಕಬಹುದು, ವೈರ್ ಕಟ್ಟನ್ನು ಬಾರ್ ಕೆಳಗಿಂದ ಒಯ್ದು ಮೇಲೆ ಕೊಳವೆ ತೊಡಿಸಬಹುದು. ಎ.ಸಿ.ಯ ಅಲ್ಯೂಮಿನಿಯಂ ಪೈಪ್, ಬ್ರೇಕ್‌ನ ಸ್ಟೀಲ್ ಪೈಪ್, ಡೀಸೆಲ್ ಇಂಜೆಕ್ಟರ್ ಪೈಪ್ ಇವನ್ನು ಕೈಯಲ್ಲಿ ಬಗ್ಗಿಸಿ ಜಾಗ ಮಾಡಬೇಡಿ. ಪೆಟ್ರೋಲ್ ಹೋಸ್ ಬಾರ್‌ಗೆ ತಾಗುತ್ತಿದ್ದರೆ ಸ್ಪಂಜ್ ಸುತ್ತಿ ಬಿಡುವುದಲ್ಲ, ತಾಗದ ಹಾಗೆ ಕ್ಲಿಪ್ ಹಾಕಿ. ಮಾಡಿದ ಮೇಲೆ ಡಿಪ್‌ಸ್ಟಿಕ್ ಪೂರ್ತಿ ಹೊರಗೆ ಬರುತ್ತದಾ, ಬ್ರೇಕ್ ಆಯಿಲ್ ಮುಚ್ಚಳ ತೆಗೆಯಲು ಆಗುತ್ತದಾ, ಇಗ್ನಿಷನ್ ಕಾಯಿಲ್ ಮೇಲಕ್ಕೆ ಎತ್ತಲು ಜಾಗ ಇದೆಯಾ ಅಂತ ಒಮ್ಮೆ ಕೈಯಾಡಿಸಿ ನೋಡಿ.

ಬ್ಯಾಟರಿ ಬೇರೆಯೇ ಸಂಗತಿ. ಬಾರ್ ಬಾಡಿಗೆ ಕೂತ ಲೋಹ, ಅಂದರೆ ಅದು ನೆಗೆಟಿವ್. ಪಾಸಿಟಿವ್ ಟರ್ಮಿನಲ್ ಅದಕ್ಕೆ ತಾಗಿದರೆ ನಡುವೆ ಫ್ಯೂಸ್ ಕೂಡ ಇರುವುದಿಲ್ಲ, ನೇರ ಬೆಂಕಿ. ಕೆಲಸ ಶುರು ಮಾಡುವ ಮುಂಚೆ ನೆಗೆಟಿವ್ ಕೇಬಲ್ ಬಿಚ್ಚಿ ಪಕ್ಕಕ್ಕೆ ಕಟ್ಟಿ. ಮುಗಿದ ಮೇಲೆ ಪಾಸಿಟಿವ್‌ಗೆ ರಬ್ಬರ್ ಟೋಪಿ ಇದ್ದೇ ಇರಬೇಕು. ಬ್ಯಾಟರಿ ಹಿಡಿದಿಡುವ ಪಟ್ಟಿ ಬಾರ್‌ಗೆ ಅಡ್ಡ ಬರುತ್ತದೆ ಅಂತ ಅದನ್ನು ಕಿತ್ತುಹಾಕಿದ ಗಾಡಿಗಳನ್ನು ನೋಡಿದ್ದೇನೆ. ಹಳ್ಳಕ್ಕೆ ಇಳಿದಾಗ ಬ್ಯಾಟರಿ ಎಗರುತ್ತದೆ, ಮೇಲೆ ಬಾರ್ ಕಾಯುತ್ತಿರುತ್ತದೆ.

ನಟ್ ಬಿಚ್ಚುವಾಗ

ಗಾಡಿ ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರಲಿ. ಜಾಕ್ ಬೇಡ. ಗಾಡಿಯ ತೂಕವೇ ಸ್ಟ್ರಟ್‌ನ ತಲೆಯನ್ನು ಟವರ್‌ಗೆ ಒತ್ತಿ ಹಿಡಿದಿರುತ್ತದೆ. ಜಾಕ್ ಕೊಟ್ಟು ಎತ್ತಿದರೆ ನಟ್ ಬಿಚ್ಚಿದ ತಕ್ಷಣ ಅದು ಕೆಳಗೆ ಜಾರುತ್ತದೆ. ಒಂದು ಕಡೆ ಬಿಚ್ಚಿ, ಪ್ಲೇಟ್ ಕೂರಿಸಿ, ನಟ್ ಕೈಯಲ್ಲಿ ಹಾಕಿ, ಆಮೇಲೆ ಇನ್ನೊಂದು ಕಡೆ. ಬಿಚ್ಚುವ ಮುಂಚೆ ಸ್ಟಡ್ ಪಕ್ಕ ಪೇಂಟ್ ಪೆನ್ನಿನಿಂದ ಗೆರೆ ಎಳೆಯಿರಿ. ತೂತು ಉದ್ದುದ್ದ ಇದ್ದರೆ ತಲೆ ಸರಿದು ಅಲೈನ್‌ಮೆಂಟ್ ಕೆಡುತ್ತದೆ.

ನಡುವಿನ ದೊಡ್ಡ ನಟ್ ಮುಟ್ಟಲೇಬೇಡಿ. ಸುತ್ತಲಿನ ಚಿಕ್ಕ ನಟ್‌ಗಳು ಮಾತ್ರ ನಮ್ಮವು. ನಡುವಿನದು ಸ್ಪ್ರಿಂಗ್ ಅನ್ನು ಒತ್ತಿ ಹಿಡಿದಿರುವ ನಟ್. ಅದು ಬಿಚ್ಚಿಕೊಂಡರೆ ಆ ಒತ್ತಡವೆಲ್ಲ ಒಮ್ಮೆಗೇ ಹೊರಬರುತ್ತದೆ, ಎದುರಿಗಿದ್ದವರ ಜೀವಕ್ಕೇ ಅಪಾಯ.

ಟವರ್ ಮೇಲಿನ ಧೂಳು, ಮಣ್ಣು ಒರೆಸಿ. ಪ್ಲೇಟ್ ಕೆಳಗೆ ಮರಳಿನ ಕಣ ಉಳಿದರೂ ಬಣ್ಣ ಉಜ್ಜಿ ತುಕ್ಕು ಹಿಡಿಯುತ್ತದೆ. ಪ್ಲೇಟ್ ಎಲ್ಲ ಕಡೆ ಸಮನಾಗಿ ಕೂರಬೇಕು. ಟವರ್‌ನ ವೆಲ್ಡ್ ಉಬ್ಬಿನ ಮೇಲೆ ಹತ್ತಿ ಕೂತಿದ್ದರೆ ನಟ್ ಬಿಗಿ ಮಾಡಿ ಕೂರಿಸಬೇಡಿ, ಪ್ಲೇಟ್‌ನ ಅಂಚನ್ನು ಅರದಿಂದ ಉಜ್ಜಿ. ಕಂಪನಿಯ ನಟ್‌ಗಳು ಸಾಮಾನ್ಯವಾಗಿ ತಾವೇ ಕಚ್ಚಿಕೊಳ್ಳುವಂಥವು, ಒಮ್ಮೆ ಬಿಚ್ಚಿದರೆ ಆ ಹಿಡಿತ ಕಡಿಮೆ. ಹೊಸದು ಹಾಕಿ. ಟಾರ್ಕ್ ಅಳತೆ, ಅಂದರೆ ನಟ್ ಎಷ್ಟು ಬಿಗಿ ಮಾಡಬೇಕು ಅನ್ನುವ ಲೆಕ್ಕ, ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಅದೇ ಅಂತಿಮ. 8 ಎಂ.ಎಂ. ಸ್ಟಡ್ ಆದರೆ 20–25 ನ್ಯೂಟನ್ ಮೀಟರ್ ಆಸುಪಾಸು ಇರುವುದು ಸಾಮಾನ್ಯ. ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ಮೈಭಾರ ಹಾಕಿದರೆ ಸ್ಟಡ್ ಮುರಿಯುತ್ತದೆ. ಸ್ಟಡ್ ಸ್ಟ್ರಟ್ ಮೌಂಟ್‌ನ ಭಾಗ, ಮುರಿದರೆ ಇಡೀ ಮೌಂಟ್ ಬದಲಿಸಬೇಕು.

ನಡುವೆ ತಿರುಗಿಸಿ ಉದ್ದ ಹೊಂದಿಸುವ ಬಾರ್ ಆದರೆ, ಪ್ಲೇಟ್‌ಗಳ ನಟ್ ಪೂರ್ತಿ ಬಿಗಿಯಾದ ಮೇಲೆ ಅದನ್ನು ಕೈಯಲ್ಲೇ ತಿರುಗಿಸಿ. ಸಡಿಲ ಹೋಯಿತು ಅನ್ನಿಸಿದ ಕ್ಷಣಕ್ಕೆ ನಿಲ್ಲಿಸಿ ಲಾಕ್ ನಟ್ ಬಿಗಿ ಮಾಡಿ. ಇನ್ನೂ ತಿರುಗಿಸಿದರೆ ಟವರ್‌ಗಳನ್ನು ಹೊರಕ್ಕೆ ತಳ್ಳುತ್ತೀರಿ, ಕ್ಯಾಂಬರ್ ಬದಲಾಗುತ್ತದೆ. ಬಿಗಿ ಮಾಡಿದಷ್ಟೂ ಗಾಡಿ ಗಟ್ಟಿ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಮೊದಲ 100 ಕಿ.ಮೀ. ಆದ ಮೇಲೆ ಟಾರ್ಕ್ ಮತ್ತೆ ನೋಡಿ. ಅಷ್ಟರಲ್ಲಿ ಶಬ್ದವೂ ಮಾತಾಡಿರುತ್ತದೆ. ಐಡಲ್‌ನಲ್ಲಿ ಗುಂಯ್ ಅಂತ ನಡುಕ ಬಂದು ರೇಸ್ ಕೊಟ್ಟಾಗ ಹೋದರೆ ಯಾವುದೋ ಪೈಪ್ ಅಥವಾ ಕವರ್ ಬಾರ್‌ಗೆ ತಾಗಿದೆ. ಕಾಗದದ ಚೀಟಿ ಸಂದಿನಲ್ಲಿ ಎಳೆದು ನೋಡಿದರೆ ಸಿಕ್ಕಿಬೀಳುತ್ತದೆ. ತಿರುವಿನಲ್ಲಿ ಕಿರ್ ಅಂದರೆ ಪ್ಲೇಟ್ ಜಾರುತ್ತಿದೆ, ನಟ್ ನೋಡಿ. ಗಾಡಿ ಒಂದೇ ಕಡೆ ಎಳೆದರೆ ಅಲೈನ್‌ಮೆಂಟ್ ಮಾಡಿಸಿ.

ಎಲ್ಲ ಸರಿಯಾದ ಮೇಲೆ ಟಾರ್ಕ್ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಬಾರ್ ಪ್ಲೇಟ್ ಪಕ್ಕ ಅಂಟಿಸಿಬಿಡಿ. ಸರ್ವಿಸ್‌ಗೆ ಕೊಟ್ಟಾಗ ಬೇರೆಯವರು ಬಾರ್ ಬಿಚ್ಚಿ ಹಾಕುತ್ತಾರೆ, ಅವರಿಗೂ ಗೊತ್ತಾಗಲಿ. ಗಾಡಿ ವಾಪಸ್ ತಂದ ದಿನ ಆ ನಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.