ಕಟ್ಟಿಹಾಕಿ ಬಿಟ್ಟುಹೋದ ನಾಯಿಗೆ ಹೊಸ ಮನೆ ಹುಡುಕುವುದು ಹೇಗೆ?

ಕಳೆದ ವರ್ಷ ಮೈಸೂರಿನಲ್ಲಿ ನಮ್ಮ ಪಕ್ಕದ ಬೀದಿಯ ಬಾಡಿಗೆದಾರರು ಮನೆ ಖಾಲಿ ಮಾಡಿದರು. ಮಂಚ, ಫ್ರಿಜ್, ಹೂಕುಂಡ ಎಲ್ಲವೂ ಲಾರಿ ಹತ್ತಿದವು. ತಾರಸಿಯಲ್ಲಿ ಕಟ್ಟಿದ್ದ ನಾಯಿ ಮಾತ್ರ ಅಲ್ಲೇ ಉಳಿಯಿತು. ವಾರದ ಮೇಲೆ ಟ್ಯಾಂಕ್ ತೊಳೆಯಲು ಹತ್ತಿದವರು ನೋಡಿದಾಗ, ಪೈಪಿನಿಂದ ತೊಟ್ಟಿಕ್ಕುವ ನೀರು ನೆಕ್ಕಿಕೊಂಡು ಬದುಕಿತ್ತು. ತೂಕ 11 ಕೆ.ಜಿ. ಕನಿಷ್ಠ 16 ಇರಬೇಕಿತ್ತು ಅಂದರು ವೈದ್ಯರು. ಹಣೆಯ ಮೇಲೆ ಬಿಳಿ ಮಚ್ಚೆ ಇದ್ದದ್ದಕ್ಕೆ ಚುಕ್ಕಿ ಎಂದು ಕರೆದೆವು. ಮೂರು ತಿಂಗಳು ನಮ್ಮ ಮನೆಯಲ್ಲಿದ್ದಳು.

ಇಂಥ ನಾಯಿಯನ್ನು ಕಾಯಂ ಮನೆ ಸಿಗುವ ತನಕ ಇಟ್ಟುಕೊಂಡು ಸುಧಾರಿಸುವುದಕ್ಕೆ ‘ಫಾಸ್ಟರ್’ ಮಾಡುವುದು ಅನ್ನುತ್ತಾರೆ. ಮನಸ್ಸಿರುವವರು ತುಂಬಾ ಜನ ಇದ್ದಾರೆ. ಕ್ರಮ ಗೊತ್ತಿಲ್ಲದೆ ತೊಂದರೆ ಮಾಡಿಕೊಳ್ಳುವವರೂ ಅಷ್ಟೇ ಜನ.

1. ಬಿಚ್ಚುವ ಮೊದಲು ಫೋಟೊ, ಕಾಗದ

ನಾಯಿಗೆ ಮಾಲೀಕರಿದ್ದರೆ ಸುಮ್ನೆ ಎತ್ತಿಕೊಂಡು ಬರಬೇಡಿ. ನಾಳೆ ಅವರು ಬಂದು ‘ನಮ್ಮ ನಾಯಿ ಕದ್ದಿರಿ’ ಅಂದರೆ ಕಷ್ಟ. ಸರಪಳಿ, ಗಾಯ, ಖಾಲಿ ತಟ್ಟೆ, ಎಲ್ಲದರ ಫೋಟೊ ತೆಗೆಯಿರಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಊಟ, ನೀರು, ನೆರಳು ಕೊಡದಿರುವುದು, ಸದಾ ಕಟ್ಟಿಹಾಕಿಯೇ ಇಡುವುದು, ಬಿಟ್ಟುಹೋಗುವುದು ಎಲ್ಲವೂ ಅಪರಾಧ. ಪೊಲೀಸರಿಗೆ ದೂರು ಕೊಡಬಹುದು. ಆದರೆ ಮೊದಲ ತಪ್ಪಿಗೆ ದಂಡ ಬರೀ 10ರಿಂದ 50 ರೂಪಾಯಿ! ಅದಕ್ಕೇ ನನ್ನ ಸಲಹೆ ಇದು: ಮಾಲೀಕರು ಮಾತಿಗೆ ಸಿಕ್ಕರೆ ‘ಈ ನಾಯಿಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆಸಿ, ಸಹಿ ಹಾಕಿಸಿಕೊಳ್ಳಿ. ಜಗಳಕ್ಕಿಂತ ಆ ಒಂದು ಕಾಗದ ನಾಯಿಗೆ ಜಾಸ್ತಿ ಉಪಯೋಗ.

2. ಮನೆಗೂ ಮೊದಲು ಆಸ್ಪತ್ರೆ

ದಾರಿಯಲ್ಲೇ ಪಶುವೈದ್ಯರ ಹತ್ತಿರ ಹೋಗಿ ಬನ್ನಿ. ಕೊರಳ ಬೆಲ್ಟ್ ನೋಡಲು ಹೇಳಿ. ಮರಿಯಲ್ಲಿ ಹಾಕಿದ ಬೆಲ್ಟ್ ನಾಯಿ ಬೆಳೆದ ಮೇಲೂ ಬಿಚ್ಚದೆ, ಚರ್ಮದೊಳಗೇ ಹೂತುಹೋಗಿರುತ್ತದೆ. ಕೂದಲ ಕೆಳಗೆ ಅದು ಕಾಣುವುದಿಲ್ಲ, ವಾಸನೆ ಬರುತ್ತದೆ. ಅದನ್ನು ಮನೆಯಲ್ಲಿ ಕತ್ತರಿಸಲು ಹೋಗಬೇಡಿ.

ರಕ್ತ ಹೀರುವ ಉಣ್ಣೆ ಹುಳ ಹತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಉಣ್ಣೆ ಜ್ವರ ನಮ್ಮ ಕಡೆ ಬಹಳ. ವಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಬಂದರೆ ಅದೇ ಇರಬಹುದು. ಮಾತ್ರೆ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ನಾಯಿ ಚುರುಕಾಯಿತು ಅಂತ ನಡುವೆ ನಿಲ್ಲಿಸಬೇಡಿ. ನಿಮ್ಮ ಮನೆಯ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಎರಡು ವಾರ ಬೇರೆ ಕೋಣೆ, ಬೇರೆ ತಟ್ಟೆ. ಪಾರ್ವೊ, ಡಿಸ್ಟೆಂಪರ್‌ನಂಥ ಅಂಟುರೋಗ ಇದ್ದರೂ ಮೊದಲ ದಿನಗಳಲ್ಲಿ ಗೊತ್ತಾಗದೇ ಇರಬಹುದು. ರೇಬೀಸ್ ಲಸಿಕೆ ಯಾವಾಗ ಹಾಕಿಸಬೇಕೆಂದು ಕೇಳಿಕೊಳ್ಳಿ. ಹಲ್ಲು ಅಥವಾ ಉಗುರು ತಾಗಿ ಗಾಯವಾದರೆ 15 ನಿಮಿಷ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ನೀವೂ ಆಸ್ಪತ್ರೆಗೆ ಹೋಗಿ. ‘ಸಣ್ಣ ಗೀರು, ಪರವಾಗಿಲ್ಲ’ ಅನ್ನುವುದು ಬೇಡ.

3. ಅನ್ನ ಸುರಿಯಬೇಡಿ

ಈ ಹಂತದಲ್ಲಿ ಸ್ವಲ್ಪ ನಿಧಾನಿಸಿ ಓದಿ. ಪ್ರೀತಿಯಿಂದ ತಪ್ಪು ಮಾಡುವುದು ಇಲ್ಲೇ.

ಹಸಿದ ನಾಯಿ ಕಂಡರೆ ನಮ್ಮ ಕೈ ಅನ್ನದ ಪಾತ್ರೆಗೆ ಹೋಗುತ್ತದೆ, ಅಲ್ವಾ? ಒಂದು ಬೇಸಿನ್ ತುಂಬ ಹಾಲು ಅನ್ನ, ಇಲ್ಲವೇ ಒಂದು ಪ್ಯಾಕೆಟ್ ಬಿಸ್ಕತ್ತು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಇದು ಅಪಾಯ. ಆ ದೇಹದಲ್ಲಿ ಫಾಸ್ಫರಸ್, ಪೊಟ್ಯಾಸಿಯಂ ಬರಿದಾಗಿರುತ್ತವೆ. ಒಮ್ಮೆಗೇ ಪಿಷ್ಟ, ಸಕ್ಕರೆ ಒಳಗೆ ಹೋದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಲವಣವನ್ನೂ ಜೀವಕೋಶಗಳು ಎಳೆದುಕೊಳ್ಳುತ್ತವೆ. ಸ್ನಾಯು ಸೋಲುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಹೊಟ್ಟೆ ತುಂಬ ತಿಂದ ನಾಯಿ ಎರಡು ಮೂರು ದಿನದಲ್ಲಿ ಸಾಯಬಹುದು.

ಹಾಗಾಗಿ ಮೊದಲ ದಿನ ಅದರ ಅಗತ್ಯದ ಕಾಲು ಭಾಗ ಮಾತ್ರ. 10 ಕೆ.ಜಿ. ನಾಯಿಗೆ ಸುಮ್ಮನೆ ಮಲಗಿರಲು ದಿನಕ್ಕೆ ಸುಮಾರು 400 ಕ್ಯಾಲರಿ ಬೇಕು. ಅದರ ಕಾಲು ಭಾಗ ಅಂದರೆ ಮೂಳೆ ಬಿಡಿಸಿ, ಉಪ್ಪು ಖಾರ ಹಾಕದೆ ಬೇಯಿಸಿದ 60 ಗ್ರಾಂ ಕೋಳಿ ಮಾಂಸ. ಒಂದು ಹಿಡಿ ಅಷ್ಟೇ. ಅದನ್ನೂ ಐದಾರು ಸಲ ಹಂಚಿ ಕೊಡಿ. ಏನೂ ಎಡವಟ್ಟಾಗದಿದ್ದರೆ ನಾಲ್ಕೈದು ದಿನದಲ್ಲಿ ಪೂರ್ತಿ ಅಳತೆಗೆ ಏರಿಸಬಹುದು. ಮಾಂಸ ಮುಟ್ಟದ ಮನೆಯವರು ಬೇಯಿಸಿದ ಮೊಟ್ಟೆಯನ್ನೋ ವೈದ್ಯರು ಹೇಳಿದ ಡಬ್ಬಿ ಆಹಾರವನ್ನೋ ಕೊಡಿ. ಎದ್ದು ನಿಲ್ಲಲೂ ಆಗದ ನಾಯಿಯನ್ನು ಮನೆಯಲ್ಲಿ ಸುಧಾರಿಸಲು ನೋಡಬೇಡಿ, ಆಸ್ಪತ್ರೆಯಲ್ಲೇ ಇರಲಿ. ತಟ್ಟೆ ನೆಕ್ಕಿ ಮುಗಿಸಿ ಚುಕ್ಕಿ ನನ್ನ ಮುಖ ನೋಡುವಾಗ ಕರುಳು ಕಿವುಚುತ್ತಿತ್ತು. ಆದರೂ ಅಳತೆ ಮೀರಲಿಲ್ಲ.

4. ಒಂದು ಮೂಲೆ ಕೊಡಿ, ಬಿಟ್ಟುಬಿಡಿ

ಮೊದಲ ಮೂರು ದಿನ ಸ್ನಾನ ಬೇಡ, ನೆಂಟರು ಬೇಡ, ಮುದ್ದೂ ಬೇಡ. ಜನ ಓಡಾಡದ ಕಡೆ ಗೋಣಿಚೀಲ, ಹಳೆ ಬೆಡ್‌ಶೀಟ್ ಹಾಸಿ, ನೀರಿಡಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಬಂದು ಮೂಸುವುದು ಅದರ ಇಷ್ಟ. ತಲೆ ಮೇಲಿಂದ ಕೈ ಚಾಚಿದರೆ ಹೊಡೆಯಲು ಬಂದಿರಿ ಅಂದುಕೊಳ್ಳುತ್ತದೆ.

ತಾರಸಿಯಲ್ಲೇ ಬೆಳೆದ ಚುಕ್ಕಿಗೆ ಮೆಟ್ಟಿಲು ಇಳಿಯಲು ಬರುತ್ತಿರಲಿಲ್ಲ. ಮಿಕ್ಸಿ, ಕುಕ್ಕರ್ ಸೀಟಿ, ಪೊರಕೆ, ಎಲ್ಲಕ್ಕೂ ನಡುಗುತ್ತಿದ್ದಳು. ಕೂತ ಕಡೆಯೇ ಮೂತ್ರ ಮಾಡುತ್ತಿದ್ದಳು, ಸರಪಳಿ ಕಲಿಸಿದ್ದು ಅದನ್ನೇ. ಬೈಯಲಿಲ್ಲ. ಎದ್ದ ಕೂಡಲೇ, ಉಂಡ ಕೂಡಲೇ ಒಂದೇ ಜಾಗಕ್ಕೆ ಕರೆದೊಯ್ದೆವು. ಐದು ವಾರ ಬೇಕಾಯಿತು. ಮೂರು ದಿನ ಹೆದರಿಕೆ, ಮೂರು ವಾರ ಮನೆಯ ರೂಢಿ, ಮೂರು ತಿಂಗಳಿಗೆ ನಂಬಿಕೆ ಅಂತ ನಾಯಿ ಸಾಕುವವರು ಒಂದು ಲೆಕ್ಕ ಹೇಳುತ್ತಾರೆ. ಹೆಚ್ಚುಕಡಿಮೆ ಹಾಗೇ ಆಯಿತು.

ಹೊರಗೆ ಹೋಗುವಾಗ ಬೆಲ್ಟ್ ಒಂದನ್ನೇ ನಂಬಬೇಡಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಓಡುತ್ತದೆ. ಎದೆಗೆ ಹಾಕುವ ಹಾರ್ನೆಸ್ ಕೂಡ ಇರಲಿ, ಫೋನ್ ನಂಬರಿನ ಬಿಲ್ಲೆಯೂ ಇರಲಿ. ದೀಪಾವಳಿ ಹತ್ತಿರವಿದ್ದರೆ ಕತ್ತಲಾಗುವ ಮೊದಲೇ ಸುತ್ತಾಡಿಸಿ ಬಾಗಿಲು ಹಾಕಿ.

5. ಮನೆ ಹುಡುಕುವಾಗ

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡಿ. ಇಲ್ಲದಿದ್ದರೆ, ಮುಖ್ಯವಾಗಿ ಲ್ಯಾಬ್ರಡಾರ್, ಹಸ್ಕಿಯಂಥ ಜಾತಿ ನಾಯಿಗಳನ್ನು ಮರಿ ಮಾಡಿಸಿ ಮಾರುವವರೇ ಮೊದಲು ಫೋನ್ ಮಾಡುತ್ತಾರೆ. ಜಾಹೀರಾತಿನಲ್ಲಿ ಒಳ್ಳೆಯದರ ಜೊತೆ ಕೊರತೆಯನ್ನೂ ಬರೆಯಿರಿ: ‘ಅಪರಿಚಿತರಿಗೆ ಹೆದರುತ್ತಾಳೆ, ಒಬ್ಬಳೇ ಇದ್ದರೆ ಬಾಗಿಲು ಕೆರೆಯುತ್ತಾಳೆ.’ ಕರೆ ಕಡಿಮೆ ಬರುತ್ತವೆ, ಬಂದವು ಗಟ್ಟಿಯಾಗಿರುತ್ತವೆ.

ಕೇಳಬೇಕಾದ್ದನ್ನು ಸಂಕೋಚವಿಲ್ಲದೆ ಕೇಳಿ. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯೇ? ಬಾಡಿಗೆ ಮನೆಯಾದರೆ ಮಾಲೀಕರು ಏನನ್ನುತ್ತಾರೆ? ಹಬ್ಬಕ್ಕೆ ಊರಿಗೆ ಹೋದಾಗ ನಾಯಿ ಎಲ್ಲಿರುತ್ತದೆ? ಮುಂಚೆ ಸಾಕಿದ್ದ ನಾಯಿ ಏನಾಯಿತು? ‘ತೋಟ ಕಾಯಲು ಬೇಕು’ ಅಂದವರಿಗೆ ನಾನು ಇಲ್ಲ ಅಂದೆ. ಮತ್ತೆ ಸರಪಳಿಗೇ ಕಳಿಸಲು ಮನಸ್ಸು ಬರಲಿಲ್ಲ.

ಅವರ ಮನೆಗೆ ಒಮ್ಮೆ ಹೋಗಿ ನೋಡಿ. ಕಟ್ಟಿಹಾಕುವುದಿಲ್ಲ, ಲಸಿಕೆ ತಪ್ಪಿಸುವುದಿಲ್ಲ, ಸಾಕಲಾಗದಿದ್ದರೆ ಬೇರೆಯವರಿಗೆ ಕೊಡದೆ ನಿಮಗೇ ವಾಪಸ್ ಕೊಡುತ್ತೇನೆ ಎಂದು ಬರೆಸಿಕೊಳ್ಳಿ. ಹದಿನೈದು ದಿನ ಪ್ರಯೋಗ ಅಂತ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ನೆಮ್ಮದಿ.

6. ಕಳಿಸುವ ದಿನ

ಅದು ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಜೊತೆಗೆ ಕೊಡಿ. ತಿನ್ನುವುದು ಏನು, ಎಷ್ಟು ಹೊತ್ತಿಗೆ, ಯಾವ ಮಾತಿಗೆ ಓಗೊಡುತ್ತದೆ, ಎಲ್ಲ ಬರೆದು ಕೊಡಿ. ಲಸಿಕೆ ಪುಸ್ತಕ ಮರೆಯಬೇಡಿ. ಮೊದಲ ಒಂದು ತಿಂಗಳು ನೋಡಲು ಹೋಗಬೇಡಿ, ನಾಯಿ ನಿಮ್ಮ ಹಿಂದೆಯೇ ಬರಲು ನೋಡುತ್ತದೆ. ಫೋನ್ ಮಾಡಿ ವಿಚಾರಿಸಿ.

ಚುಕ್ಕಿ ಹೋದದ್ದು ನಂಜನಗೂಡಿನ ಒಬ್ಬ ನಿವೃತ್ತ ಶಿಕ್ಷಕಿಯ ಮನೆಗೆ. ಮೊದಲೆರಡು ದಿನ ಊಟ ಬಿಟ್ಟು ಬಾಗಿಲ ಬಳಿ ಮಲಗಿದ್ದಳಂತೆ. ಕೇಳಿ ರಾತ್ರಿ ನಿದ್ದೆ ಬರಲಿಲ್ಲ, ಆದರೂ ಹೋಗಲಿಲ್ಲ. ನಾಲ್ಕನೇ ದಿನ ಅವರು ಒಂದು ಫೋಟೊ ಕಳಿಸಿದರು. ನಮ್ಮ ಹಳೆ ಬೆಡ್‌ಶೀಟನ್ನು ಚುಕ್ಕಿ ತಾನೇ ಎಳೆದುಕೊಂಡು ಹೋಗಿ ಅವರ ಅಡುಗೆಮನೆಯ ಹೊಸ್ತಿಲ ಬಳಿ ಹಾಸಿಕೊಂಡಿದ್ದಳು.