ಕ್ಲಸ್ಟರ್ ಮೂರು, ಟರ್ಮಿನಲ್ ಒಂದು: ಓಡುತ್ತಿರುವ ಕಂಟೇನರ್‌ನ ಒಳಹೊಗುವುದು ಹೇಗೆ?

ಒಂದೇ ತಂತ್ರಾಂಶವು ಪರೀಕ್ಷೆಗೆಂದು ಒಂದು ಕ್ಲಸ್ಟರ್‌ನಲ್ಲಿ (ಒಟ್ಟಾಗಿ ದುಡಿಯುವ ಯಂತ್ರಗಳ ಗುಂಪಿನಲ್ಲಿ), ಗ್ರಾಹಕರಿಗೆಂದು ಮುಂಬೈನ ಇನ್ನೊಂದರಲ್ಲಿ, ಅದು ಕೈಕೊಟ್ಟರೆ ಬೇಕಾದೀತೆಂದು ಹೈದರಾಬಾದಿನ ಮತ್ತೊಂದರಲ್ಲಿ ಓಡುತ್ತಿರುವುದು ಈಗ ಸಾಮಾನ್ಯ. ಕಂಟೇನರ್‌ಗಳನ್ನು, ಅಂದರೆ ಬೇಕಾದದ್ದನ್ನೆಲ್ಲ ಜೊತೆಗಿಟ್ಟುಕೊಂಡ ತಂತ್ರಾಂಶದ ಪೊಟ್ಟಣಗಳನ್ನು, ಕ್ಲಸ್ಟರ್‌ನಲ್ಲಿ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ಬಳಸುವವರಿಗೆ ಈ ಮೂರೂ ಮನೆಗಳ ಕೀಲಿಕೈ ಕ್ಯೂಬ್‌ಸಿಟಿಎಲ್ ಎಂಬ ಒಂದೇ ಆದೇಶ. ಹಾಗಾಗಿ ತೆರೆದದ್ದು ಯಾವ ಮನೆಯ ಬಾಗಿಲು ಎಂದು ನೋಡಿಕೊಳ್ಳುವ ಹೊಣೆ ಬಳಸುವವರದೇ. (ಇಲ್ಲಿ ಕನ್ನಡದಲ್ಲಿ ಅಚ್ಚಾಗಿರುವ ಆದೇಶಗಳನ್ನು ಟರ್ಮಿನಲ್‌ನಲ್ಲಿ ರೋಮನ್ ಅಕ್ಷರಗಳಲ್ಲೇ ಬೆರಳಚ್ಚಿಸಬೇಕು.)

ಮೊದಲು ಕ್ಲಸ್ಟರ್‌ಗಳ ವಿವರವನ್ನು ಒಂದೆಡೆ ಸೇರಿಸಿಕೊಳ್ಳಬೇಕು. ಕ್ಲಸ್ಟರ್‌ನ ವಿಳಾಸ, ಬಳಕೆದಾರ ಮತ್ತು ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ಹೆಸರಿಟ್ಟ ವಿಭಾಗ) ಈ ಮೂರನ್ನೂ ಕಟ್ಟಿ ಕೊಟ್ಟ ಹೆಸರಿಗೆ ಕಾಂಟೆಕ್ಸ್ಟ್ ಎನ್ನುತ್ತಾರೆ. ಪ್ರತಿ ಕ್ಲಸ್ಟರ್‌ಗೂ ಬೇರೆ ಬೇರೆ ಕಡತಗಳಿದ್ದರೆ ಕ್ಯೂಬ್‌ಕಾನ್ಫಿಗ್ ಎಂಬ ಪರಿಸರ ಚರದಲ್ಲಿ ಅವುಗಳ ದಾರಿಗಳನ್ನು ಸಾಲಾಗಿ ಬರೆದರಾಯಿತು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ನಡುವೆ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್. ಇಲ್ಲೊಂದು ಹೊಂಡವಿದೆ. ಎರಡು ಕಡತಗಳಲ್ಲಿ ಒಂದೇ ಹೆಸರು ಬಂದರೆ ಮೊದಲ ಕಡತದ್ದೇ ಉಳಿದು, ಎರಡನೆಯದು ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ. ಕ್ಯೂಬ್‌ಅಡ್ಮಿನ್ ಎಂಬ ಸಾಧನದಿಂದ ಕಟ್ಟಿದ ಕ್ಲಸ್ಟರ್‌ಗಳು ಸಾಮಾನ್ಯವಾಗಿ ‘ಕುಬರ್ನೆಟಿಸ್-ಅಡ್ಮಿನ್’ ಎಂಬ ಒಂದೇ ಬಳಕೆದಾರನ ಹೆಸರಿನೊಡನೆ ಬರುವುದರಿಂದ, ಇಂಥ ಎರಡನ್ನು ಸೇರಿಸುವ ಮುನ್ನ ಕಡತ ತೆರೆದು ಕ್ಲಸ್ಟರ್, ಬಳಕೆದಾರ ಮತ್ತು ಕಾಂಟೆಕ್ಸ್ಟ್ ಹೆಸರುಗಳನ್ನೆಲ್ಲ ಬದಲಿಸಬೇಕು. ಕಾಂಟೆಕ್ಸ್ಟ್‌ನ ಹೆಸರೊಂದನ್ನೇ ಬದಲಿಸಿದರೆ ಸಾಲದು. ಬಳಿಕ ‘ಕ್ಯೂಬ್‌ಸಿಟಿಎಲ್ ಕಾನ್ಫಿಗ್ ಗೆಟ್-ಕಾಂಟೆಕ್ಸ್ಟ್ಸ್’ ಎಂದರೆ ಪಟ್ಟಿ ಕಾಣುತ್ತದೆ. ನಕ್ಷತ್ರ ಚಿಹ್ನೆ ಇರುವುದು ಈಗ ಚಾಲ್ತಿಯಲ್ಲಿರುವ ಕಾಂಟೆಕ್ಸ್ಟ್.

ಆ ನಕ್ಷತ್ರವನ್ನು ‘ಯೂಸ್-ಕಾಂಟೆಕ್ಸ್ಟ್’ ಆದೇಶದಿಂದ ಅತ್ತಿತ್ತ ಸರಿಸುವುದು ಬಹುಮಂದಿಯ ರೂಢಿ. ಈ ಲೇಖಕನ ಸಲಹೆ ಅದಕ್ಕೆ ವಿರುದ್ಧ. ಚಾಲ್ತಿಯ ಆಯ್ಕೆ ಕಡತದಲ್ಲಿ ದಾಖಲಾಗುತ್ತದೆಯೇ ಹೊರತು ಆ ಟರ್ಮಿನಲ್ ಕಿಟಕಿಗಷ್ಟೇ ಸೀಮಿತವಾಗಿರುವುದಿಲ್ಲ. ಒಂದು ಕಿಟಕಿಯಲ್ಲಿ ಮುಂಬೈಗೆ ಬದಲಿಸಿದರೆ, ಅದೇ ಕಡತ ಓದುವ ಪಕ್ಕದ ಕಿಟಕಿಯಲ್ಲಿ ಪರೀಕ್ಷಾ ಕ್ಲಸ್ಟರ್ ಎಂದುಕೊಂಡು ಕೊಟ್ಟ ಮುಂದಿನ ಆದೇಶವೂ ಮುಂಬೈಗೇ ಹೋಗಿ ತಾಗುತ್ತದೆ. ಆದ್ದರಿಂದ ಪ್ರತಿ ಆದೇಶದಲ್ಲೂ ‘--ಕಾಂಟೆಕ್ಸ್ಟ್=ಮುಂಬೈ’ ಎಂದು ಬಿಡಿಸಿ ಬರೆಯುವುದು ಲೇಸು. ಬೆರಳಿಗೆ ತುಸು ಹೆಚ್ಚು ಕೆಲಸ, ಅಷ್ಟೇ.

ಇನ್ನು ಒಳಹೊಗುವ ಬಗೆ. ಕಂಟೇನರ್‌ಗಳು ಓಡುವುದು ಪಾಡ್ ಎಂಬ ಗೂಡಿನೊಳಗೆ; ಒಂದು ಪಾಡ್‌ನಲ್ಲಿ ಒಂದೋ ಹಲವೋ ಕಂಟೇನರ್‌ಗಳಿರಬಹುದು. ಇಲ್ಲಿ ‘ಪಾವತಿ’ ಎಂಬುದು ನೇಮ್‌ಸ್ಪೇಸ್‌ನ ಹೆಸರು ಎಂದಿಟ್ಟುಕೊಳ್ಳೋಣ. ‘ಕ್ಯೂಬ್‌ಸಿಟಿಎಲ್ --ಕಾಂಟೆಕ್ಸ್ಟ್=ಮುಂಬೈ -ಎನ್ ಪಾವತಿ ಗೆಟ್ ಪಾಡ್ಸ್’ ಎಂದು ಪಾಡ್‌ನ ಹೆಸರು ತಿಳಿದುಕೊಂಡು, ಗೆಟ್ ಪಾಡ್ಸ್ ಇದ್ದಲ್ಲಿ ‘ಎಕ್ಸೆಕ್ -ಐ -ಟಿ ಪಾಡ್‌ನ ಹೆಸರು -ಸಿ ಕಂಟೇನರ್‌ನ ಹೆಸರು -- ಎಸ್‌ಎಚ್’ ಎಂದು ಬರೆಯಬೇಕು. ಕೊನೆಯ ‘ಎಸ್‌ಎಚ್’ ಎಂದರೆ ಶೆಲ್, ನಾವು ಬೆರಳಚ್ಚಿಸಿದ ಆದೇಶಗಳನ್ನು ನಡೆಸುವ ತಂತ್ರಾಂಶ. ಪಾಡ್‌ನಲ್ಲಿ ಒಂದೇ ಕಂಟೇನರ್ ಇದ್ದರೆ ‘-ಸಿ’ ಬೇಕಿಲ್ಲ. ಒಂಟಿಯಾಗಿ ನಿಂತ ಎರಡು ಅಡ್ಡಗೆರೆಗಳ ಮುಂದಿನದೆಲ್ಲ ಕಂಟೇನರ್‌ನ ಒಳಗೆ ನಡೆಯಬೇಕಾದ ಆದೇಶ. ಈ ಕರೆ ಮೊದಲು ಆ ಕ್ಲಸ್ಟರ್‌ನ ಎಪಿಐ ಸರ್ವರ್‌ಗೆ (ಆದೇಶಗಳೆಲ್ಲ ಹಾದುಹೋಗುವ ಹೆಬ್ಬಾಗಿಲು), ಅಲ್ಲಿಂದ ಪಾಡ್ ಇರುವ ಯಂತ್ರದ ಕ್ಯೂಬ್‌ಲೆಟ್‌ಗೆ (ಆ ಯಂತ್ರದ ಪಾಡ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶ), ಕೊನೆಗೆ ಕಂಟೇನರ್‌ಗೆ ತಲುಪುತ್ತದೆ. ಅನುಮತಿ ಇಲ್ಲವೆಂಬ ಉತ್ತರ ಬಂದರೆ ‘ಆಥ್ ಕ್ಯಾನ್-ಐ ಕ್ರಿಯೇಟ್ ಪಾಡ್ಸ್ --ಸಬ್‌ರಿಸೋರ್ಸ್=ಎಕ್ಸೆಕ್’ ಎಂದು ಕೇಳಿ ನೋಡಬಹುದು. ಪಾಡ್‌ಗಳನ್ನು ನೋಡುವ ಹಕ್ಕು ಇದ್ದ ಮಾತ್ರಕ್ಕೆ ಒಳಹೊಗುವ ಹಕ್ಕು ಸಿಗುವುದಿಲ್ಲ, ಮತ್ತು ಒಂದು ಕ್ಲಸ್ಟರ್‌ನಲ್ಲಿ ಸಿಕ್ಕ ಹಕ್ಕು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಎಕ್ಸೆಕ್ ಮತ್ತು ಅಟ್ಯಾಚ್ ಎರಡೂ ಒಂದೇ ಎಂದು ಭಾವಿಸಿ ಎಡವಿದವರು ಕಡಿಮೆಯಿಲ್ಲ. ಎಕ್ಸೆಕ್ ಕಂಟೇನರ್‌ನೊಳಗೆ ಹೊಸದೊಂದು ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ. ‘ಎಕ್ಸಿಟ್’ ಎಂದಾಗ ಆ ಪ್ರಕ್ರಿಯೆಯಷ್ಟೇ ಮುಗಿದು ಮೂಲ ಸೇವೆ ತನ್ನ ಪಾಡಿಗೆ ನಡೆದಿರುತ್ತದೆ. ಅಟ್ಯಾಚ್ ಆದರೋ ಈಗಾಗಲೇ ಓಡುತ್ತಿರುವ ಮುಖ್ಯ ಪ್ರಕ್ರಿಯೆಗೇ ನಮ್ಮ ಪರದೆಯನ್ನು ಜೋಡಿಸುತ್ತದೆ. ‘-ಐ -ಟಿ’ ಸಹಿತ ಜೋಡಿಸಿದಾಗ, ಪಾಡ್‌ನ ವಿವರಣೆಯಲ್ಲೂ ಇನ್‌ಪುಟ್ ಮತ್ತು ಟರ್ಮಿನಲ್‌ಗೆ ಆಸ್ಪದ ಕೊಟ್ಟಿದ್ದರೆ, ಹೊರಬರಲೆಂದು ಒತ್ತಿದ ಕಂಟ್ರೋಲ್-ಸಿ ಸೇವೆಯನ್ನೇ ನಿಲ್ಲಿಸಬಹುದು. ಹೊರಸೂಸುವ ಸಾಲುಗಳನ್ನು ನೋಡುವುದಷ್ಟೇ ಉದ್ದೇಶವಾಗಿದ್ದರೆ ಆ ಎರಡು ಗುರುತುಗಳನ್ನು ಬಿಡಬೇಕು, ಅಥವಾ ‘ಲಾಗ್ಸ್ -ಎಫ್’ ಬಳಸಬೇಕು.

ಮೂರೂ ಕ್ಲಸ್ಟರ್‌ಗಳಲ್ಲಿ ಒಂದೇ ಪ್ರಶ್ನೆ ಕೇಳಬೇಕಾದಾಗ ಒಂದೊಂದಕ್ಕೂ ಹೊಕ್ಕು ಬರುವುದು ವ್ಯರ್ಥ. ‘ಗೆಟ್-ಕಾಂಟೆಕ್ಸ್ಟ್ಸ್ -ಒ ನೇಮ್’ ಬರಿಯ ಹೆಸರುಗಳನ್ನು ಕೊಡುತ್ತದೆ. ಅವನ್ನು ಶೆಲ್‌ನ ‘ಫಾರ್’ ಸುತ್ತಿನಲ್ಲಿಟ್ಟು, ‘-ಟಿ’ ಇಲ್ಲದೆ, ಪಾಡ್‌ನ ಬದಲು ‘ಡಿಪ್ಲಾಯ್/ಪಾವತಿ’ ಎಂದು (ಒಂದೇ ಬಗೆಯ ಪಾಡ್‌ಗಳನ್ನು ಓಡಿಸುವ ಡಿಪ್ಲಾಯ್‌ಮೆಂಟ್‌ನ ಹೆಸರನ್ನು) ಬರೆದರೆ ಪ್ರತಿ ಕ್ಲಸ್ಟರ್‌ನಿಂದಲೂ ಒಂದು ಪಾಡ್‌ನ ಉತ್ತರ ಬರುತ್ತದೆ. ಪ್ರತಿ ಉತ್ತರಕ್ಕೂ ಮುನ್ನ ಕಾಂಟೆಕ್ಸ್ಟ್‌ನ ಹೆಸರನ್ನು ಅಚ್ಚು ಮಾಡಿಸದಿದ್ದರೆ ಯಾವುದು ಯಾರದೆಂದು ತಿಳಿಯದು. ಕ್ಲಸ್ಟರ್‌ಗಳ ಆವೃತ್ತಿಗಳ ಕಡೆಗೂ ಗಮನವಿರಲಿ: ಕ್ಯೂಬ್‌ಸಿಟಿಎಲ್‌ಗೆ ಎಪಿಐ ಸರ್ವರ್‌ಗಿಂತ ಒಂದು ಕಿರು ಆವೃತ್ತಿ ಹಿಂದೆ ಅಥವಾ ಮುಂದೆ ಇರುವಷ್ಟೇ ಬೆಂಬಲವಿದೆ. 1.29 ಮತ್ತು 1.32 ಎರಡೂ ಇರುವಲ್ಲಿ ಒಂದೇ ಪ್ರತಿ ಸಾಲದು.

ಕೆಲವು ಇಮೇಜ್‌ಗಳಲ್ಲಿ (ಕಂಟೇನರ್ ಹುಟ್ಟುವ ಅಚ್ಚುಗಳಲ್ಲಿ) ಶೆಲ್ ಇರುವುದೇ ಇಲ್ಲ. ಎಕ್ಸೆಕ್ ಅಲ್ಲಿ ಸೋಲುತ್ತದೆ. 2022ರಲ್ಲಿ ಬಂದ 1.25ನೇ ಆವೃತ್ತಿಯಿಂದ ಸ್ಥಿರಗೊಂಡ ತಾತ್ಕಾಲಿಕ ಕಂಟೇನರ್ ಇದಕ್ಕೆ ಪರಿಹಾರ: ‘ಡಿಬಗ್ -ಐ -ಟಿ ಪಾಡ್‌ನ ಹೆಸರು --ಇಮೇಜ್=ಬ್ಯುಸಿಬಾಕ್ಸ್ --ಟಾರ್ಗೆಟ್=ಕಂಟೇನರ್‌ನ ಹೆಸರು’ ಎಂದರೆ ಅದೇ ಪಾಡ್‌ನೊಳಗೆ ಉಪಕರಣಗಳುಳ್ಳ ಹೊಸ ಕಂಟೇನರ್ ಬಂದು ಕೂರುತ್ತದೆ. ಆದರೆ ಹೀಗೆ ಸೇರಿಸಿದ್ದನ್ನು ಮತ್ತೆ ತೆಗೆಯಲಾಗದು. ಪಾಡ್ ಅಳಿಯುವವರೆಗೂ ಅದು ಪಾಡ್‌ನ ವಿವರದಲ್ಲಿ ಹಾಗೆಯೇ ಉಳಿದಿರುತ್ತದೆ.